ನಾಲಿಗೆ ತಾತನ ಎಡೆ

ನಾನು ನಿಂತಿದ್ದದ್ದು ನಮ್ಮ ನಡುಮನೆಯ ಬಾಗಿಲ ಹೊರಗೆ, ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ತಾಗುವಷ್ಟು ಹತ್ತಿರ, ಬಲಭುಜವನ್ನು ಚೌಕಟ್ಟಿಗೆ ಆನಿಸಿಕೊಂಡು. ಮನೆ ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿದೆ. ದಿನ, ಹೋದ ವರ್ಷದ ಮಹಾಲಯ ಅಮಾವಾಸ್ಯೆ. ಹೊತ್ತು ಮಧ್ಯಾಹ್ನ, ಪಕ್ಕದ ಮನೆಯ ಕುಕ್ಕರು ಕೂಗುವುದನ್ನು ನಿಲ್ಲಿಸಿತ್ತು, ಬೀದಿಯಲ್ಲಿ ಇನ್ನೂ ಯಾರೂ ಊಟಕ್ಕೆ ಕೂತಿರಲಿಲ್ಲ. ಬಾಗಿಲು ಮುಚ್ಚಿತ್ತು. ನಡುಮನೆಯಿಂದ ಅಡುಗೆಮನೆಗೆ ಹೋಗುವ ಇನ್ನೊಂದು ಬಾಗಿಲಿಗೆ ಅಡುಗೆಮನೆಯ ಕಡೆಯಿಂದ ಚಿಲಕ ಹಾಕಿತ್ತು. ಹಾಕಿದವನು ನಾನೇ. ಒಳಗೆ ಮನುಷ್ಯರು ಯಾರೂ ಇರಲಿಲ್ಲ.

ಇಷ್ಟೆಲ್ಲ ವಿವರ ಯಾಕೆ ಎಂದು ನೀವು ಕೇಳಬಹುದು. ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನಿಗೆ ನಿಂತ ಜಾಗ ಹೇಳದೆ ಮಾತು ಶುರು ಮಾಡಲು ಬರುವುದಿಲ್ಲ. ಎಲ್ಲಿ ಜಾರಿ ಬಿದ್ದಿರಿ ಎಂದು ತಾನು ಕೇಳಿದರೆ, ನಾನು ಮೊದಲು ಬಚ್ಚಲುಮನೆಯ ಈಶಾನ್ಯ ಮೂಲೆ ಎಂದು ಹೇಳಿ ಆಮೇಲೆ ನರಳಿದೆ ಎಂದು ನನ್ನ ಹೆಂಡತಿ ಗಿರಿಜಾ ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಾಳೆ. ಇರಬಹುದು.

ಈಗ ಇದನ್ನು ಬರೆಯಲು ಕೂತದ್ದಕ್ಕೆ ಕಾರಣ ನಮ್ಮ ಫ್ರಿಜ್ಜು. ನಿನ್ನೆ ಮೊಸರು ತೆಗೆಯಲು ಹೋದವನು ಫ್ರಿಜ್ಜಿನ ಬಾಗಿಲಿಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಒಮ್ಮೆ ಕೆಮ್ಮಿದೆ. ಸ್ವಲ್ಪ ಕಾದು ಆಮೇಲೆ ತೆರೆದೆ. ಹಿಂದೆ ನಿಂತಿದ್ದ ಗಿರಿಜಾ, “ಒಳಗೆ ಯಾರವ್ರೆ ಅಂತ ಕಾಯ್ತಾ ಇದೀರ? ಟೊಮೇಟೊನ?” ಎಂದಳು. ನಾನೂ ನಕ್ಕೆ. ಮೊಸರಿನ ಪಾತ್ರೆ ಹಿಡಿದ ಕೈ ಮಾತ್ರ ನಗಲಿಲ್ಲ.

ಮುಚ್ಚಿದ ಬಾಗಿಲನ್ನು ತಟ್ಟಿ ಕೆಮ್ಮಿ ತೆರೆಯುವುದು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಮಾಡುವ ಕೆಲಸ. ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದ ಹಿರಿಯರಿಗೆ ನಾವು ಎಡೆ ಇಡುತ್ತೇವೆ. ಗೋಡೆಗೆ ಅವರ ಫೋಟೋ ಒರಗಿಸಿ, ಬಾಳೆಲೆ ಹಾಸಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನೆಲ್ಲ ಬಡಿಸುತ್ತೇವೆ. ನಮ್ಮ ತಾತನಿಗೆ ಕೋಳಿ ಸಾರು ಮತ್ತು ಒಂದು ಕಟ್ಟು ಬೀಡಿ. ಅಪ್ಪನಿಗೆ ಉದ್ದಿನ ವಡೆ, ಅದೂ ಸ್ವಲ್ಪ ಸೀದದ್ದು. ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು, ಮನೆಮಂದಿಯೆಲ್ಲ ಹೊರಗೆ ಬಂದು ಮಾತಾಡದೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗಲಿ ಎಂದು. ಆಮೇಲೆ ತಟ್ಟಿ, ಕೆಮ್ಮಿ, ಬರ್ತಾ ಇದೀವಿ ಎಂದು ತಿಳಿಸಿ ಒಳಗೆ ಹೋಗಬೇಕು. ಚಿಕ್ಕವನಾಗಿದ್ದಾಗ, ತಟ್ಟದೆ ನುಗ್ಗಿದರೆ ಏನಾಗುತ್ತೆ ಎಂದು ಅಜ್ಜಿಯನ್ನು ಕೇಳಿದ್ದೆ. ಅಜ್ಜಿ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, “ಉಣ್ತಾ ಇರೋರು ತಿರುಗಿ ನೋಡ್ತಾರೆ” ಎಂದಳು. ಅಷ್ಟೇ. ಆ ಮಾತು ಆವತ್ತು ನನ್ನ ಬೆನ್ನಿನೊಳಗೆ ಹೋದದ್ದು ಇನ್ನೂ ಹೊರಗೆ ಬಂದಿಲ್ಲ.

ನಾಲಿಗೆ ತಾತನ ವಿಷಯಕ್ಕೆ ಬರುತ್ತೇನೆ.

ನಮ್ಮ ಮುತ್ತಾತ ಅರಮನೆಯ ಲಾಯದಲ್ಲಿ ಕೆಲಸಕ್ಕಿದ್ದರು. ಯಾವುದೋ ಯುದ್ಧಕ್ಕೆ ಕುದುರೆಗಳನ್ನು ಹಡಗು ಹತ್ತಿಸಿದಾಗ, ಅವುಗಳ ಜೊತೆ ಅವರನ್ನೂ ಹತ್ತಿಸಿದರಂತೆ. ತಿರುಗಿ ಬರುವಾಗ ಕಂಬಳಿಯಲ್ಲಿ ಸುತ್ತಿ ಒಂದು ಮರದ ಆಕೃತಿ ತಂದರು. ಮೊಳದುದ್ದ. ಕೆಂಪು ಬೆರೆತ ಕಂದು ಬಣ್ಣ. ದೇಹಕ್ಕಿಂತ ತಲೆ ದೊಡ್ಡದು. ಮುಖ, ಭುಜ, ತೊಡೆಯ ಮೇಲೆಲ್ಲ ಸುರುಳಿ ಸುರುಳಿಯ ಕೆತ್ತನೆ. ಹೊಟ್ಟೆಯ ಮೇಲಿಟ್ಟ ಎರಡೂ ಕೈಗಳಿಗೆ ತಲಾ ಮೂರೇ ಬೆರಳು. ತೆರೆದ ಬಾಯಿಂದ ನಾಲಿಗೆ ಗದ್ದದವರೆಗೆ ಹೊರಗೆ ಚಾಚಿದೆ. ಕಣ್ಣಿಗೆ ಕಡಲ ಚಿಪ್ಪು ಕೂರಿಸಿದ್ದರು. ಆ ಚಿಪ್ಪು ಬಲಗಡೆಯಿಂದ ನೋಡಿದರೆ ಹಸಿರು, ಎಡಗಡೆಯಿಂದ ನೋಡಿದರೆ ನೀಲಿ. ನಡೆದುಕೊಂಡು ಹೋಗುತ್ತಾ ನೋಡಿದರೆ ಬಣ್ಣ ನಮ್ಮ ಜೊತೆ ನಡೆದುಕೊಂಡು ಬರುತ್ತದೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಮುತ್ತಾತ ಹೇಳಲಿಲ್ಲ. ಒಂದು ಕತೆಯ ಪ್ರಕಾರ ಸಾಯುತ್ತಿದ್ದ ಸಿಪಾಯಿಯೊಬ್ಬ ಕೈಗಿತ್ತ. ಇನ್ನೊಂದರ ಪ್ರಕಾರ ಬಂದರಿನ ಅಂಗಡಿಯಲ್ಲಿ ಹೊಗೆಸೊಪ್ಪಿಗೆ ಬದಲಾಯಿಸಿಕೊಂಡದ್ದು. ಮನೆಯವರು ಆಯಾ ದಿನದ ಮನಸ್ಸಿಗೆ ತಕ್ಕಂತೆ ಯಾವುದಾದರೊಂದನ್ನು ನಂಬುತ್ತಿದ್ದರು.

ಮಕ್ಕಳು ಅದಕ್ಕಿಟ್ಟ ಹೆಸರು ನಾಲಿಗೆ ತಾತ. ಆಫ್ರಿಕಾದ್ದು ಎಂದು ಅಪ್ಪ, ಜಾವಾದ್ದು ಎಂದು ಚಿಕ್ಕಪ್ಪ. ದಸರಾದಲ್ಲಿ ಗೊಂಬೆ ಕೂರಿಸಿದಾಗ ಅಜ್ಜಿ ಅವರನ್ನು ಕೊನೆಯ ಮೆಟ್ಟಿಲಲ್ಲಿ, ಪಟ್ಟದ ಗೊಂಬೆಗಳಿಗೆ ಕಾವಲು ಎಂದು ನಿಲ್ಲಿಸುತ್ತಿದ್ದಳು. ಉಳಿದ ದಿನ ಗಾಜಿನ ಶೋಕೇಸು. ನಾನೂ ನನ್ನ ಅಕ್ಕ ಸರೋಜಳೂ ಅನ್ನ ಬಿಟ್ಟು ಓಡುವ ಮಕ್ಕಳು. ಅಜ್ಜಿ ನಮ್ಮನ್ನು ಶೋಕೇಸಿನ ಎದುರಿಗೇ ಕೂರಿಸಿ ಕೈತುತ್ತು ಹಾಕುತ್ತಿದ್ದಳು. ಉಣ್ಣದಿದ್ದರೆ ತಾತ ನೆಕ್ಕಿಬಿಡ್ತಾರೆ ಎನ್ನುವಳು. ನಾನು ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದೆ. ಅಕ್ಕ ತಾತನ ಕಡೆಗೆ ತಾನೂ ನಾಲಿಗೆ ಚಾಚಿ, ಅದರ ಮೇಲಿನ ತುತ್ತನ್ನು ತೋರಿಸಿ, ಆಮೇಲೆ ನುಂಗುತ್ತಿದ್ದಳು. ಅವಳಿಗೆ ಆಗಲೂ ಭಯ ಇರಲಿಲ್ಲ. ನಮ್ಮಿಬ್ಬರ ಪಾಲಿನದನ್ನೂ ನಾನೇ ಪಟ್ಟುಕೊಂಡೆ ಅಂತ ಕಾಣುತ್ತದೆ.

ಅಕ್ಕ ದೊಡ್ಡವಳಾಗಿ ಸುಗಮ ಸಂಗೀತದ ಟೀಚರಾದಳು. ಮದುವೆಯಾಗಲಿಲ್ಲ, ಮನೆಯ ಮುಂದಿನ ಹಾಲಿನಲ್ಲೇ ಪಾಠ. ಕೃಷ್ಣಮೂರ್ತಿಪುರಂನ ಅರ್ಧ ಮಕ್ಕಳು ಅವಳ ಕೈಕೆಳಗೆ ಸ್ವರ ಹಿಡಿದವರು. ಅವಳ ದನಿ ಮೇಲಿನ ಷಡ್ಜಕ್ಕೆ ಹೋಗಿ ನಿಂತರೆ ಬೀದಿಯಲ್ಲಿ ಸೊಪ್ಪಿನವಳು ತನ್ನ ಕೂಗನ್ನು ತಡೆದುಕೊಳ್ಳುತ್ತಿದ್ದಳು. ಹೋದ ವರ್ಷದ ಬೇಸಿಗೆಯಲ್ಲಿ ಆ ದನಿ ಒಡೆಯತೊಡಗಿತು. ಮೊದಲು ನೆಗಡಿ ಎಂದೆವು. ಆಮೇಲೆ ಗಂಟಲ ಗ್ರಂಥಿಯಲ್ಲಿ ಗಂಟು ಎಂದು ಗೊತ್ತಾಯಿತು. ದಸರಾ ಕಳೆದ ಮೇಲೆ ಆಪರೇಷನ್ ಎಂದು ನಿಗದಿಯಾಯಿತು. ದನಿಯ ನರ ಗಂಟಿಗೆ ಅಂಟಿಕೊಂಡಂತೆಯೇ ಹೋಗಿದೆ, ಜೀವಕ್ಕೆ ತೊಂದರೆಯಿಲ್ಲ, ಆದರೆ ಹಾಡುವ ದನಿಗೆ ನಾನು ಮಾತು ಕೊಡಲಾರೆ, ಅಲ್ಲಿಯವರೆಗೆ ಜೋರಾಗಿ ಒಂದು ಮಾತೂ ಆಡಕೂಡದು ಎಂದು ಡಾಕ್ಟರು ನನ್ನೆದುರಿಗೇ ಹೇಳಿದರು. ಅಕ್ಕ ಮನೆಗೆ ಬಂದು ಹಾರ್ಮೋನಿಯಂನ ಮೇಲೆ ಬಟ್ಟೆ ಹೊದಿಸಿದಳು.

ಮೆರೆ ಎಂಬುವರು ನಮ್ಮ ಮನೆಗೆ ಬಂದದ್ದು ಆ ದಿನಗಳಲ್ಲಿ. ಲಕ್ಷ್ಮೀಪುರಂನಲ್ಲಿ ಯೋಗ ಕಲಿಯಲು ಬಂದು ರೂಮು ಹಿಡಿದಿದ್ದ ಪರದೇಶದ ಹೆಂಗಸು. ಅರವತ್ತು ದಾಟಿದ ವಯಸ್ಸು, ಅಗಲ ಮೈ, ಗದ್ದದ ಮೇಲೆ ಹಚ್ಚೆ. ಅದು ನಮ್ಮ ಅಜ್ಜಿಯ ಮುಂಗೈ ಹಚ್ಚೆಗಿಂತ ಸ್ವಲ್ಪ ಹಸಿರು. ತರಕಾರಿ ಅಂಗಡಿಯಲ್ಲಿ ಗಿರಿಜಾಗೆ ಪರಿಚಯವಾಗಿ, ಅವಳೇ ಕಾಫಿಗೆ ಕರೆದಿದ್ದಳು. ಬಂದವರು ಗೇಟಿನ ಹತ್ತಿರ ನಿಂತುಬಿಟ್ಟರು. ಬಾಗಿಲು ತೆರೆದೇ ಇತ್ತು, ನಾನು ಕೈಬೀಸಿದೆ, ಆದರೂ ಬರಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆವು. ಕೊನೆಗೆ ಅಕ್ಕ ಡಾಕ್ಟರ ಮಾತು ಮರೆತು ಒಡಕು ದನಿಯಲ್ಲಿ, “ಬನ್ನೀ, ಒಳಗ್ ಬನ್ನೀ” ಎಂದಳು. ತಕ್ಷಣ ಚಪ್ಪಲಿ ಬಿಟ್ಟು ಬಂದರು. ಅವರ ಕಡೆ ಮನೆಯ ಹೆಂಗಸು ಕೂಗಿ ಕರೆಯದೆ ಒಳಗೆ ಕಾಲಿಡುವುದಿಲ್ಲವಂತೆ. ಹೆಂಗಸಿನ ದನಿ ಮೊದಲು ದಾರಿ ಮಾಡುತ್ತದೆ, ಆಮೇಲೆ ಮನುಷ್ಯರು ನಡೆಯುತ್ತಾರೆ.

ಮುಂದಿನ ಹಾಲಿನಲ್ಲಿ ಕೂತು ಕಾಫಿ ಕುಡಿದರು. ಲೋಟ ಇಡಲು ಎದ್ದವರು ನಡುಮನೆಯ ಶೋಕೇಸು ಕಂಡು ಅಲ್ಲೇ ನಿಂತರು. ಲೋಟವನ್ನು ಗಿರಿಜಾಳ ಕೈಗೆ ಕೊಟ್ಟರು. ಬಾಗಿಲಲ್ಲಿ ನಿಂತು ಏನೋ ಹೇಳಿದರು. ನಮಗಲ್ಲ, ಅದಕ್ಕೆ. ಅವರ ಕಣ್ಣಲ್ಲಿ ನೀರಿತ್ತು. ಅವರು ಯಾರು ಎಂದು ನನ್ನನ್ನು ಕೇಳಿದರು. ಅದು ಏನು ಎಂದು ಕೇಳಲಿಲ್ಲ, ಗಮನಿಸಿ. ಹೆಸರು ಗೊತ್ತಿಲ್ಲ, ಚಿಕ್ಕಂದಿನಿಂದ ನಾಲಿಗೆ ತಾತ ಎನ್ನುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮೆರೆ ಅಳುತ್ತಲೇ ನಕ್ಕರು. ತಾತ ಎಂದಿದ್ದೀರಲ್ಲ, ಅಷ್ಟು ಸರಿಯಾಗಿ ಹೇಗೆ ತಿಳಿಯಿತು ಎಂದರು.

ಅವರು ಮಾವೋರಿ, ದಕ್ಷಿಣ ಸಮುದ್ರದ ದ್ವೀಪಗಳ ಮೂಲ ಜನ. ಅವರಲ್ಲಿ ಹೀಗೆ ಕೆತ್ತುವುದು ದೇವರನ್ನಲ್ಲ, ಅಲಂಕಾರದ ಗೊಂಬೆಯನ್ನೂ ಅಲ್ಲ, ಮನೆತನದ ಹಿರಿಯರನ್ನು. ಕೆತ್ತಿದ ಮೇಲೆ ಅದು ಆ ಹಿರಿಯರ ಗುರುತು ಮಾತ್ರ ಆಗಿ ಉಳಿಯುವುದಿಲ್ಲ, ಅವರೇ. ಅವರೆದುರು ನಿಂತು ಮಾತಾಡಿಸುತ್ತಾರೆ, ಸತ್ತವರ ಸುದ್ದಿ ಹುಟ್ಟಿದವರ ಸುದ್ದಿ ಹೇಳುತ್ತಾರೆ. ಸುರುಳಿಗಳಲ್ಲಿ ಯಾರ ಮಗ ಯಾರ ಮೊಮ್ಮಗ ಎಂಬುದು ಇರುತ್ತದೆ. ನಾಲಿಗೆ ಚಾಚಿದ್ದು ಶತ್ರುವಿಗೆ ಸವಾಲು, ತನ್ನವರಿಗೆ ಕಾವಲು. ಕೆತ್ತುವವರು ಮರದ ಚಕ್ಕೆಯನ್ನು ಬಾಯಿಂದ ಊದಿ ಹಾರಿಸುವುದಿಲ್ಲ, ಉಸಿರು ತಾಗಬಾರದು. ಆ ಚಕ್ಕೆಯನ್ನು ಅಡುಗೆಯ ಒಲೆಗೆ ಹಾಕುವುದಿಲ್ಲ. ಹಾಗೆ ಮುಟ್ಟಬಾರದ್ದಕ್ಕೆ ತಾಪು ಎನ್ನುತ್ತಾರಂತೆ. ನನಗೆ ಅಗ್ರಹಾರದ ಗೆಳೆಯನ ಮನೆ ನೆನಪಾಯಿತು. ಗಳುವಿನ ಮೇಲೆ ಒಣಗಿದ್ದ ಅವನ ಅಜ್ಜಿಯ ಮಡಿ ಸೀರೆಯನ್ನು ಮೆತ್ತಗಿದೆಯೇ ಎಂದು ಮುಟ್ಟಿ ನೋಡಿದ್ದೆ. ಆಕೆ ಬೈಯಲಿಲ್ಲ. ಸೀರೆಯನ್ನು ಮತ್ತೆ ನೀರಿಗೆ ಹಾಕಿ ನನ್ನನ್ನು ನೋಡಿದರು. ಬೈದಿದ್ದರೆ ಮರೆತುಹೋಗುತ್ತಿತ್ತು.

ಮೆರೆ ಹೋದ ಮೇಲೆ ಮನೆಯಲ್ಲಿ ಚರ್ಚೆ ಶುರುವಾಯಿತು. ಮಾವೋರಿ ಎಂಬ ಮಾತು ಗಿರಿಜಾಳ ಕಿವಿಗೆ ಬಿದ್ದದ್ದು ಮಾವೋರು ಎಂದು. ಅವಳು ನನ್ನ ಅಪ್ಪನನ್ನು ಕರೆಯುತ್ತಿದ್ದದ್ದು ಹಾಗೇ. “ಅಂಗಾದ್ರೆ ಇಷ್ಟ್ ದಿನ ಶೋಕೇಸಲ್ಲಿ ಮಾವೋರನ್ನ ಕೂಡಾಕ್ಬುಟ್ಟಿದ್ವಲ್ರೀ” ಎಂದು ನಕ್ಕಳು. ಅಕ್ಕ ನಗಲಿಲ್ಲ. ಅವಳು ಯೋಚನೆ ಮಾಡುತ್ತಿದ್ದಳು. ಪಿಸುದನಿಯಲ್ಲಿ, “ತೀರ್ಕೊಂಡ ಹಿರೀಕ್ರು ಅಂದ್ಮೇಲೆ ಪಿತೃಗಳು ಕಣೋ, ಚಂದ್ರು. ಮುತ್ತಾತ ತಂದಾಗ್ನಿಂದ ಒಂದ್ ವರ್ಷನೂ ಅವ್ರಿಗೆ ಎಡೆ ಇಟ್ಟಿಲ್ಲ. ಎದುರ್ಗೇ ಕೂತ್ಕೊಂಡು ನಾವು ತಿಂದಿದೀವಿ” ಎಂದಳು. ಹೇಳುತ್ತಾ ಅವಳ ಕೈ ಗಂಟಲಿಗೆ ಹೋಯಿತು.  ಉಣ್ಣದೆ ಉಳಿದವರು ಎಲ್ಲಿ ಕೈ ಇಟ್ಟಿದ್ದಾರೆ ಎಂದು ಅವಳು ನಂಬಿದ್ದಳು ಎಂಬುದು ನನಗೆ ಗೊತ್ತಾಯಿತು. ಆ ರಾತ್ರಿಯಿಂದ ನಾನು ನಡುಮನೆಯ ದೀಪ ಆರಿಸದೆ ಮಲಗತೊಡಗಿದೆ. ಕರೆಂಟ್ ಬಿಲ್ಲು ನೋಡಿ ಗಿರಿಜಾ ಕೇಳಿದಾಗ ಹಲ್ಲಿ ಕಾಟ ಎಂದೆ.

ಮುಂದಿನ ಸಲ ಮೆರೆ ಬಂದಾಗ, ನಿಮ್ಮ ಹಿರಿಯರು ಊರಲ್ಲಿ ಏನು ತಿನ್ನುತ್ತಿದ್ದರು ಎಂದು ಅಕ್ಕ ನನ್ನ ಮೂಲಕ ಕೇಳಿಸಿದಳು. ಅವರು ಸಲೀಸಾಗಿ, ಮೀನು, ಗೆಣಸು ಎಂದರು. ಗೆಣಸು ಎಂದು ನಾನು ಕನ್ನಡದಲ್ಲಿ ಹೇಳಿದಾಗ ಅಕ್ಕನಿಗಾದ ಸಂತೋಷ ನೋಡಬೇಕಿತ್ತು. ಅಷ್ಟು ದೂರದ ಸಮುದ್ರದ ಜನ, ನಮ್ಮ ದೇವರಾಜ ಮಾರ್ಕೆಟ್ಟಿನ ಗೆಣಸು. ಅಮಾವಾಸ್ಯೆಗೆ ಊಟಕ್ಕೆ ಬನ್ನಿ ಎಂದು ಮೆರೆಯನ್ನು ಕರೆದೆವು. ಯಾಕೆ ಎಂದು ವಿವರಿಸಲಿಲ್ಲ. ಅಕ್ಕನಿಗೆ ಅವರನ್ನು ಆಶ್ಚರ್ಯಪಡಿಸುವ ಆಸೆ.

ಹೀಗೆ ಆ ಮಧ್ಯಾಹ್ನ ನಡುಮನೆಯಲ್ಲಿ ಎರಡು ಎಡೆ. ಒಂದು ನಮ್ಮ ತಾತ, ಅಪ್ಪ ಮೊದಲಾದವರ ಫೋಟೋಗಳಿಗೆ. ಇನ್ನೊಂದು, ಎದುರು ಗೋಡೆಯ ಪಕ್ಕ, ಮಣೆಯ ಮೇಲೆ ನಿಲ್ಲಿಸಿದ ನಾಲಿಗೆ ತಾತನಿಗೆ. ಅವರು ಮೊದಲಿನಿಂದಲೂ ಸ್ವಲ್ಪ ಮುಂದಕ್ಕೆ ಬಾಗಿ ನಿಲ್ಲುವವರು. ಬಿಸಿ ಅನ್ನದ ರಾಶಿಯನ್ನು ಅಕ್ಕ ಅವರ ಮುಖದ ಕೆಳಗೇ ಬಡಿಸಿದಳು. ಮೀನಿನ ಸಾರು, ಬೇಯಿಸಿದ ಗೆಣಸು, ಪಾಯಸ, ನೀರಿನ ಸ್ಟೀಲ್ ಲೋಟ. ಹಬೆ ಮುಖದ ಸುರುಳಿಗಳ ಮೇಲೆ ಹಾದು ಹೋಗುತ್ತಿತ್ತು. ಅಕ್ಕ ಅಡ್ಡಬಿದ್ದು ತುಂಬ ಹೊತ್ತು ಏಳಲಿಲ್ಲ. ಏನು ಕೇಳಿಕೊಂಡಳೆಂದು ಬಲ್ಲೆ. ಆಮೇಲೆ ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಬಂದೆವು. ನಾನು ಮೊದಲೇ ಹೇಳಿದ ಜಾಗದಲ್ಲಿ ನಿಂತೆ. ಅಕ್ಕ ನನ್ನ ಎಡಕ್ಕೆ, ಗಿರಿಜಾ ಹಾರ್ಮೋನಿಯಂನ ಪಕ್ಕ.

ಗೇಟು ಸದ್ದಾಯಿತು. ಮೆರೆ ಬಂದಿದ್ದರು. ಎಡೆಯ ಹೊತ್ತಿನಲ್ಲಿ ಮಾತಾಡಬಾರದೆಂದು ನಾವು ಯಾರೂ ಕರೆಯಲಿಲ್ಲ. ಕರೆಯದ್ದರಿಂದ ಅವರು ಬರಲಿಲ್ಲ. ಎರಡು ಪದ್ಧತಿಗಳು ಗೇಟಿನ ಆಚೆ ಈಚೆ ನಿಂತು ಒಂದನ್ನೊಂದು ನೋಡಿದವು. ಕೊನೆಗೆ ಗಿರಿಜಾ ಸೋತು, ಮೆಲ್ಲಗೆ ಬನ್ನಿ ಎಂದಳು.

ಹಾಲಿಗೆ ಬಂದ ಮೆರೆ ಧೂಪ, ಮೀನಿನ ವಾಸನೆ, ಮುಚ್ಚಿದ ಬಾಗಿಲು ಮೂರನ್ನೂ ಗಮನಿಸಿ, ಒಳಗೆ ಯಾರಿದ್ದಾರೆ ಎಂದರು. ನಿಮ್ಮ ಹಿರಿಯರು ಊಟ ಮಾಡುತ್ತಿದ್ದಾರೆ ಎಂದೆ. ಹೇಳುವಾಗ ನನ್ನ ಮುಖದಲ್ಲಿ ಸಣ್ಣ ಹೆಮ್ಮೆ ಇದ್ದಿರಬೇಕು. ಅವರ ಮುಖದಿಂದ ರಕ್ತ ಇಳಿಯುವುದು ನನಗೆ ಕಾಣಿಸಿತು. ಮನುಷ್ಯರ ಮುಖ ಹಾಗಾಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವರು ಕೂಗಾಡಲಿಲ್ಲ. ಬೇಯಿಸಿದ್ದನ್ನು ಇಟ್ಟಿರಾ ಎಂದು ಕೇಳಿದರು. ಹೌದು. ಅವರೆದುರಿಗೇ? ಹೌದು. ಮೆರೆ ಗೋಡೆ ಹಿಡಿದುಕೊಂಡರು. ತಮ್ಮಲ್ಲಿ ಬೇಯಿಸಿದ ಅನ್ನವನ್ನು ಹಿರಿಯರ ಹತ್ತಿರ ಸುಳಿಸುವುದಿಲ್ಲ. ಅದು ತಾಪುವನ್ನು ತೊಳೆದುಹಾಕುತ್ತದೆ. ಒಬ್ಬ ಹಿರಿಯನನ್ನು ಬರಿಯ ಕಟ್ಟಿಗೆಯ ಮಟ್ಟಕ್ಕೆ ಇಳಿಸಬೇಕೆಂದು ಹಳೆಯ ಕಾಲದ ಶತ್ರು ಬಯಸಿದ್ದರೆ ಇದನ್ನೇ ಮಾಡುತ್ತಿದ್ದ. ಮಾಡಿದವರ ಮೇಲೆ ಅದು ತಿರುಗುತ್ತದೆ ಎಂದು ತನ್ನ ಅಜ್ಜಿ ಹೇಳುತ್ತಿದ್ದಳು. ಇದಿಷ್ಟನ್ನೂ ಮೆರೆ ನನಗೆ ಹೇಳಿದ್ದು ಬಹಳ ತಗ್ಗಿದ ದನಿಯಲ್ಲಿ, ಬಾಗಿಲ ಕಡೆ ನೋಡುತ್ತಾ.

ಅಕ್ಕ ನನ್ನ ತೋಳು ಹಿಡಿದು, ಏನಂತೆ ಎಂದಳು. ಅಳತೆಯಲ್ಲಿ ಒಂದು ಅಂಗುಲ ಬಿಡುವವನಲ್ಲ ನಾನು. ಆವತ್ತು ಬಿಡೋಣ ಎಂದು ಮೊದಲ ಸಲ ಅನಿಸಿತು. ಅವಳ ಕಣ್ಣು ನೋಡಿದರೆ ಬಿಡಲಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಗಿರಿಜಾ ಅಳುವ ದನಿಯಲ್ಲಿ, “ಚಕ್ಕೆ ಒಲೆಗೆ ಹಾಕ್ಬಾರ್ದು ಅಂದ್ರು, ಎಲೆ ಹಾಕ್ಬಾರ್ದು ಅಂತ ಯಾರ್ ಹೇಳುದ್ರು?” ಎಂದಳು.  

“ಇಟ್ಟೋಳು ನಾನು” ಎಂದಳು ಅಕ್ಕ. “ಬಾಗ್ಲು ತೆಗಿ.”

ನಾನು ಅಭ್ಯಾಸದಂತೆ ಗೆಣ್ಣಿನಿಂದ ತಟ್ಟಿದೆ. ಕೆಮ್ಮಿದೆ. ಆಗ ಒಳಗಿನಿಂದ ಒಂದು ಸದ್ದು ಬಂತು. ಸಣ್ಣದು, ಸ್ಟೀಲ್ ಲೋಟಕ್ಕೆ ಉಗುರು ತಾಗಿದರೆ ಆಗುವಂಥದು. ನಾಲ್ವರಿಗೂ ಕೇಳಿಸಿತು. ನಾಲ್ವರೂ ಆಮೇಲೆ ಒಪ್ಪಿದ ಸಂಗತಿ ಇದೊಂದೇ. ಅಜ್ಜಿಯ ಮಾತು ಬೆನ್ನಿನೊಳಗಿನಿಂದ ಎದ್ದು ಬಂತು, ಉಣ್ಣುತ್ತಿರುವವರು ತಿರುಗಿ ನೋಡುತ್ತಾರೆ. ನನ್ನ ಕೈ ಬಾಗಿಲಿನ ಮೇಲೆ ಇತ್ತು, ಆದರೆ ತಳ್ಳಲು ಬರಲಿಲ್ಲ. ತಳ್ಳಿದವಳು ಅಕ್ಕ.

ಮೊದಲು ನನಗೆ ಕಂಡದ್ದು ಅನ್ನದ ರಾಶಿಯ ಮೇಲೆ ಒಂದು ಕಣ್ಣು. ಮೀನಿನ ಕಣ್ಣು ಎಂದುಕೊಂಡೆ. ಮೀನಿನ ತಲೆ ಹಾಕಿರಲಿಲ್ಲ ಎಂದು ನೆನಪಾಯಿತು. ಅದು ಮೇಲ್ಮುಖವಾಗಿ ಬಿದ್ದಿತ್ತು, ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದಾಗ ಹಸಿರಿನಿಂದ ನೀಲಿಗೆ ತಿರುಗಿತು. ತಾತನ ಬಲಗಣ್ಣಿದ್ದ ಜಾಗದಲ್ಲಿ ಒಂದು ಗುಳಿ ಇತ್ತು. ಗುಳಿಯ ಅಂಚಿನಲ್ಲಿ ಹಬೆಯ ನೀರು ಸೇರಿ, ಕೆನ್ನೆಯ ಸುರುಳಿಯೊಳಗೆ ಇಳಿಯುತ್ತಿತ್ತು.

ಹಳೆಯ ಅಂಟು ಹಬೆಗೆ ಸಡಿಲವಾಗಿತ್ತು. ಬಾಗಿಲು ತಟ್ಟಿದ ಅದುರುವಿಕೆಗೆ ಚಿಪ್ಪು ಕಳಚಿ, ಲೋಟದ ಅಂಚಿಗೆ ತಾಗಿ ಅನ್ನದ ಮೇಲೆ ಬಿತ್ತು. ಇದನ್ನು ನಾನು ಆ ದಿನವೇ ಲೆಕ್ಕ ಹಾಕಿದೆ. ಮಣೆ ಎಲ್ಲಿ, ಲೋಟ ಎಲ್ಲಿ, ತಲೆಯ ಬಾಗು ಎಷ್ಟು, ಎಲ್ಲ ನೋಡಿದ್ದೇನೆ. ತಪ್ಪಿಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ಸರಿಬರುತ್ತದೆ, ಪ್ರತಿ ಸಲವೂ ಮೈ ಮೊದಲಿನಷ್ಟೇ ತಣ್ಣಗಾಗುತ್ತದೆ.

ಮೆರೆ ಎಲೆಯನ್ನು ಎತ್ತಿಸಿ, ಅನ್ನ ಪೂರ್ತಿ ಹೊರಗೆ ಕಳಿಸಿದರು. ಕಣ್ಣನ್ನು ತೊಳೆಸಿ ಬಿಳಿ ಬಟ್ಟೆಯಲ್ಲಿ ಇಡಿಸಿದರು. ನೆಲ ತೊಳೆದೆವು. ನೀರು ಚಿಮುಕಿಸಿ ಏನೋ ಪ್ರಾರ್ಥನೆ ಹೇಳಿದರು. ಆಮೇಲೆ ನನಗೆ, ತಾನು ಅವರೆದುರು ನಿಂತು ನಿಮ್ಮೆಲ್ಲರ ಪರವಾಗಿ ಮಾತಾಡಬೇಕು, ಆದರೆ ಸುಮ್ಮನೆ ನುಗ್ಗಿ ಮಾತಾಡಲಾಗದು, ಹೊರಗೆ ಹೋಗಿ ಮತ್ತೆ ಬರಬೇಕು, ಈ ಮನೆಯ ಹೆಂಗಸು ಒಳಗಿನಿಂದ ಕೂಗಿ ಕರೆಯಬೇಕು ಎಂದರು. ಪಿಸುಗುಟ್ಟಿದರೆ ಆಗದು. ಗೇಟಿನವರೆಗೆ ಕೇಳಬೇಕು.

ಗಿರಿಜಾ ಕೂಗುತ್ತಾಳೆ ಎಂದೆ. ಗಿರಿಜಾಳ ಹಲ್ಲು ಕಟಕಟ ಎನ್ನುತ್ತಿತ್ತು. ಅವಳ ಬಾಯಿಂದ ದನಿ ಹೊರಡಲಿಲ್ಲ. ಅಕ್ಕ ನಾಲಿಗೆ ತಾತನ ಪಕ್ಕಕ್ಕೆ ಹೋಗಿ ನಿಂತಿದ್ದಳು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಬೇಡ ಕಣಕ್ಕ ಎಂದೆ. ಅವಳು ಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿದಳು, ಪಾಠದಲ್ಲಿ ಅಪಸ್ವರ ಹಾಡಿದ ಹುಡುಗರನ್ನು ಸರಿಸುವ ಹಾಗೆ.

ಕರೆಯಲು ಅವಳಿಗೆ ಗೊತ್ತಿದ್ದದ್ದು ಒಂದೇ ಮಾತು. “ಬನ್ನೀ” ಎಂದಳು. ಮೊದಲು ಒಡೆಯಿತು. ಎರಡನೆಯ ಸಲ ಆ ಕೊನೆಯ ಅಕ್ಷರವನ್ನು ಹಿಡಿದು ಮೇಲಕ್ಕೆ ಹೋದಳು. ತಿಂಗಳುಗಳಿಂದ ಆ ಎತ್ತರಕ್ಕೆ ಹೋಗಿರದ ದನಿ. ಬಟ್ಟೆ ಹರಿಯುವ ಹಾಗೆ ಅದರೊಳಗೆ ಏನೋ ಹರಿಯುತ್ತಿತ್ತು, ಆದರೂ ನಿಲ್ಲಲಿಲ್ಲ. ಷಡ್ಜದಲ್ಲಿ ಹೋಗಿ ನಿಂತಿತು. ಗೇಟಿನಿಂದ ಮೆರೆಯ ದನಿ ಅದನ್ನು ಎತ್ತಿಕೊಂಡಿತು, ಉದ್ದವಾದ, ಇಳಿಯುತ್ತಾ ಬರುವ ಕೂಗು. ಎರಡು ದನಿಗಳ ನಡುವೆ, ಹೊಸ್ತಿಲ ಮೇಲೆ, ನಾನು. ಚಿಕ್ಕಂದಿನಂತೆ ಕಣ್ಣು ಮುಚ್ಚಿಕೊಂಡಿದ್ದೆ. ಒಂದು ಕಣ್ಣು ಉಳಿದ ಆ ಮುಖವನ್ನು ನೋಡುವ ಧೈರ್ಯ ಇರಲಿಲ್ಲ. ಆದ್ದರಿಂದ ಆಗ ಅವರ ಮುಖ ಹೇಗಿತ್ತು ಎಂದು ನಾನು ಸಾಕ್ಷಿ ಹೇಳಲಾರೆ. ಕೂಗು ನಿಂತಾಗ ಅಕ್ಕ ಗಂಟಲು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು.

ಮೆರೆ ಬಂದು ತುಂಬ ಹೊತ್ತು ತಾತನ ಜೊತೆ ಮಾತಾಡಿದರು. ಬೈದರೋ ಬೇಡಿಕೊಂಡರೋ ತಿಳಿಯದು. ಒಮ್ಮೆ ನಕ್ಕರು ಕೂಡ. ಹೋಗುವ ಮುಂಚೆ ನಮ್ಮನ್ನು ಕೇಳಿ, ಬೆನ್ನಿನ ಸುರುಳಿಗಳ ಫೋಟೋ ತೆಗೆದುಕೊಂಡರು. ಇವರು ತನ್ನ ಮನೆತನದವರಲ್ಲ, ತಾನು ಕರೆದೊಯ್ಯುವಂತಿಲ್ಲ, ಇವರವರು ಯಾರೆಂದು ಊರಿನ ಹಿರಿಯರನ್ನು ಕೇಳಿ ತಿಳಿಸುತ್ತೇನೆ, ಅವರು ಬರುವವರೆಗೆ ಇವರು ನಿಮ್ಮವರು, ಮಾತಾಡಿಸುತ್ತಿರಿ ಎಂದರು.

ದಸರಾ ಕಳೆದ ಮೇಲೆ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದರು. ಅಕ್ಕನ ದನಿ ಬಂತು, ಆದರೆ ಬೇರೆಯದು ಬಂತು. ತಗ್ಗಿನದು, ಗಂಡಸರ ದನಿಯಷ್ಟು ಆಳ. ಗ್ಯಾಸಿನವರು ಫೋನಿನಲ್ಲಿ ಅವಳಿಗೆ ಸಾರ್ ಎನ್ನುತ್ತಾರೆ. ಅವಳೂ ಹೇಳಪ್ಪ ಎನ್ನುತ್ತಾಳೆ. ಮೇಲಿನ ಷಡ್ಜ ಇನ್ನಿಲ್ಲ. ಮಕ್ಕಳಿಗೆ ಅದನ್ನು ಹಾರ್ಮೋನಿಯಂನಲ್ಲಿ ಒತ್ತಿ ತೋರಿಸುತ್ತಾಳೆ. ಇದು ನರದ ವಿಷಯ, ಡಾಕ್ಟರು ಮೊದಲೇ ಹೇಳಿದ್ದರು ಎಂದು ನಾನು ಅವಳಿಗೆ ಹಲವು ಸಲ ಹೇಳಿದ್ದೇನೆ. ಹೆಚ್ಚಾಗಿ ಅವಳು ಕೇಳದೆ ಇದ್ದಾಗಲೇ. ಅವಳು ಒಮ್ಮೆ ಮಾತ್ರ, ಅವರೆಕಾಯಿ ಸುಲಿಯುತ್ತಾ, “ಅವ್ರಿಗೆ ಬೇಕಿದ್ದದ್ದು ಅನ್ನ ಅಲ್ಲ ಕಣೋ, ದನಿ. ಕೊಟ್ಟೆ. 'ಕಿತ್ಕೊಂಡ್ರು' ಅಂತ ನೀನು ಅಂದ್ಕೊಂಡಿದೀಯ, ಅದ್ಕೇ ನಿಂಗೆ ಭಯ” ಎಂದಳು. ಅವಳು ಹೇಳಿದ್ದು ಸರಿ. ನಾನು ಹಾಗೇ ಅಂದುಕೊಂಡಿದ್ದೇನೆ.

ಈಗ ನಡುಮನೆಯಲ್ಲಿ ಯಾರೂ ಏನೂ ತಿನ್ನುವುದಿಲ್ಲ. ನಮ್ಮವರ ಎಡೆಯ ಜಾಗವನ್ನು ಮನೆಯ ಮುಂದಿನ ಹಾಲಿಗೆ ಬದಲಾಯಿಸಿದ್ದೇವೆ. ಶೋಕೇಸಿನ ಗಾಜು ತೆಗೆದಿದ್ದೇವೆ. ಕಣ್ಣನ್ನು ಮತ್ತೆ ಅಂಟಿಸಿಲ್ಲ. ಅದನ್ನು ಅವರ ಮನೆಯವರು ಬಂದು ಕೂರಿಸಬೇಕು. ಬೆಳಿಗ್ಗೆ ಕಾಫಿಯಾದ ಮೇಲೆ ಅಕ್ಕ ಬಾಯಿ ಮುಕ್ಕಳಿಸಿ, ಕೈ ತೊಳೆದು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅವರಿಗೆ ಸುದ್ದಿ ಹೇಳುತ್ತಾಳೆ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ತೀರಿಕೊಂಡರು, ಕಾರಂಜಿ ಕೆರೆಗೆ ಯಾವ ಹಕ್ಕಿ ಬಂದಿದೆಯಂತೆ. ಹೊರಗೆ ಪೇಪರು ಹಿಡಿದು ಕೂತ ನನಗೆ ಮುಚ್ಚಿದ ಬಾಗಿಲಿನ ಹಿಂದಿನಿಂದ ಒಂದು ಗಂಡು ದನಿ ಕೇಳುತ್ತಿರುತ್ತದೆ. ಅದು ಅಕ್ಕನದೇ ಎಂದು ನನಗೆ ಗೊತ್ತು. ಗೊತ್ತಿದ್ದೂ, ಒಳಗೆ ಹೋಗಬೇಕಾದರೆ ತಟ್ಟುತ್ತೇನೆ, ಕೆಮ್ಮುತ್ತೇನೆ, ದನಿ ನಿಲ್ಲುವವರೆಗೆ ಕಾಯುತ್ತೇನೆ. ಆ ಕೈ ಈಗ ಫ್ರಿಜ್ಜಿಗೂ ಹೋಗಿದೆ.

ಆ ಮಧ್ಯಾಹ್ನ ನನ್ನ ಜೊತೆ ಅಲ್ಲಿದ್ದವರನ್ನು ಹೇಳಿ ಮುಗಿಸುತ್ತೇನೆ. ನನ್ನ ಹೆಂಡತಿ ಗಿರಿಜಾ, ಇದ್ದಾಳೆ. ಕೇಳಿದರೆ ಸದ್ದಿನವರೆಗೆ ಹೇಳುತ್ತಾಳೆ, ಮುಂದಕ್ಕೆ ಹೇಳುವುದಿಲ್ಲ. ಮೆರೆ, ಸಮುದ್ರದಾಚೆ ತಮ್ಮ ಊರಿನಲ್ಲಿದ್ದಾರೆ. ಒಂದು ನದಿಯ ಕಡೆಯ ಜನ ಫೋಟೋದಲ್ಲಿ ಸುರುಳಿಗಳನ್ನು ನೋಡಿ, ನಮ್ಮವರೆಂದು ಎದ್ದು ನಿಂತರು ಎಂದು ಹೋದ ವಾರ ತಿಳಿಸಿದ್ದಾರೆ. ನನ್ನ ಅಕ್ಕ ಸರೋಜ, ಇದ್ದಾಳೆ. ಇನ್ನೊಬ್ಬರು ನಡುಮನೆಯಲ್ಲಿದ್ದಾರೆ. ನಾನು ಕಣ್ಣು ಮುಚ್ಚಿಕೊಂಡಿದ್ದಾಗಲೂ ಅವರು ನೋಡುತ್ತಿದ್ದರು, ಉಳಿದ ಒಂದು ಕಣ್ಣಿನಿಂದ. ಅವರ ಹೆಸರು ನದಿಯ ಕಡೆಯಿಂದ ಇನ್ನೂ ಬರಬೇಕು. ಇಲ್ಲಿ ಜಾಗ ಬಿಟ್ಟಿದ್ದೇನೆ.